ಹಸಿ

‘ಹಸಿ’ ಎಂಬ ಪದಕ್ಕೆ ಎದುರುಪದ ಯಾವುದು? ಸೌದೆಯ ಮಾತಾದರೆ ಒಣ. ತರಕಾರಿಯ ಮಾತಾದರೆ ಬೇಯಿಸಿದ್ದು. ಇಟ್ಟಿಗೆಯಾದರೆ ಸುಟ್ಟದ್ದು. ಗಾಯವಾದರೆ ಮಾಗಿದ್ದು, ಹಾಲಾದರೆ ಕಾಯಿಸಿದ್ದು. ಹೆರಿಗೆಯಾಗಿ ಕೆಲವೇ ದಿನಗಳಾದವಳನ್ನು ಹಸಿ ಬಾಣಂತಿ ಎನ್ನುತ್ತೇವೆ. ಅದಕ್ಕೆ ಎದುರಾಗಿ ನಿಲ್ಲುವ ಪದವೇ ಇಲ್ಲ. ಇನ್ನು ಹಸಿ ಸುಳ್ಳಿಗೆ ಎದುರುಪದ ಹುಡುಕುವುದೇ ವ್ಯರ್ಥ. ಎರಡೇ ಅಕ್ಷರದ ಪದಕ್ಕೆ ಇಷ್ಟು ಮಂದಿ ಎದುರಾಳಿಗಳಿದ್ದರೆ, ಆ ಪದದ ನಡುವೆ ಕದಲದ ಒಂದು ಅರ್ಥ ಇರಲೇಬೇಕು. ಒಳಗೆ ನೀರನ್ನು ಹಿಡಿದುಕೊಂಡಿರುವುದು, ಇನ್ನೂ ಬದಲಾಗಬಲ್ಲದ್ದು, ಇನ್ನೂ ಮುಗಿಯದ್ದು: ಇದೇ ಆ ಅರ್ಥ ಎಂದು ನನ್ನ ಎಣಿಕೆ. ಜೀವವಿರುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಳಗನ್ನಡದಲ್ಲಿ ಇದು ‘ಪಸಿ’. ತಮಿಳಿನ ಪಚ್ಚೈ, ತೆಲುಗಿನ ಪಚ್ಚಿ, ನಮ್ಮದೇ ಪಚ್ಚೆ ಎಲ್ಲವೂ ಒಂದೇ ಬೇರಿನವು. ಹಸಿರು ಅದರ ಮಗಳು. ಹಸುಳೆ, ಹಸುಗೂಸು ಕೂಡ ಅದೇ ಮನೆಯವು. ತೆಲುಗರು ಎಳೆ ಮಗುವನ್ನು ಪಸಿಪಾಪ ಎನ್ನುತ್ತಾರೆ. ಆಗ ತಾನೇ ಹುಟ್ಟಿದ ಮನುಷ್ಯನನ್ನು ಕರೆಯಲು ನಮ್ಮ ಹಿರಿಯರು ಹುಡುಕಿದ್ದು ಚಿಗುರಿಗೆ ಹೇಳುವ ಮಾತನ್ನೇ. ಆದರೆ ‘ಹಸು’ ಈ ಮನೆಯದಲ್ಲ, ಅದು ಸಂಸ್ಕೃತದ ‘ಪಶು’ವಿನಿಂದ ಬಂದದ್ದು. ಹೊಟ್ಟೆ ಹಸಿಯುವ ‘ಹಸಿ’ಯ ಬೇರೂ ಬೇರೆ. ಹಸು ಹಸಿದು ಹಸಿರಿನ ಕಡೆಗೆ ಹೋಗುವಾಗ ಮೂರು ಬೇರೆ ಬೇರೆ ಕುಲದ ಪದಗಳು ಒಂದೇ ಸದ್ದಿನಲ್ಲಿ ಸೇರುತ್ತವೆ. ಭಾಷೆಯಲ್ಲಿ ಇದು ಆಕಸ್ಮಿಕ. ಆದರೂ ಇಂಥ ಆಕಸ್ಮಿಕ ಕಂಡಾಗ ಮನಸ್ಸು ಅರಳುತ್ತದೆ.

ಹಸುಳೆಯನ್ನು ಹಸಿ ಎಂದವರ ಕಣ್ಣು ಎಷ್ಟು ಚುರುಕಾಗಿತ್ತೆಂಬುದಕ್ಕೆ ಅಂಗರಚನೆಯ ಲೆಕ್ಕವೇ ಸಾಕ್ಷಿ. ಆಗ ಹುಟ್ಟಿದ ಮಗುವಿನ ತೂಕದಲ್ಲಿ ನೂರಕ್ಕೆ ಸುಮಾರು 75 ಭಾಗ ನೀರು. ವಯಸ್ಕರಲ್ಲಿ ಅದು 60ರ ಆಸುಪಾಸಿಗೆ ಇಳಿಯುತ್ತದೆ, ಮುಪ್ಪಿನಲ್ಲಿ ಇನ್ನೂ ಕಡಿಮೆ. ಎಳೆ ಸೊಪ್ಪಿನಲ್ಲಿ 80ರಿಂದ 90 ಭಾಗ. ಗಿಡವೂ ಪ್ರಾಣಿಯೂ ಹಸಿಯಾಗಿ ಹುಟ್ಟಿ ಮೆಲ್ಲಗೆ ಒಣಗುತ್ತಾ ಹೋಗುತ್ತವೆ.

ಕನ್ನಡ ಇಲ್ಲಿ ಒಂದು ಸೂಕ್ಷ್ಮ ಗೆರೆ ಎಳೆದಿದೆ. ಮಳೆಯಲ್ಲಿ ನೆನೆದ ಕಲ್ಲು ಒದ್ದೆ, ಅದು ಹಸಿಯಲ್ಲ. ಹೊರಗಿನಿಂದ ಬಂದ ನೀರು ಒದ್ದೆ ಮಾಡುತ್ತದೆ. ಒಳಗೆ ತಾನಾಗಿ ಹಿಡಿದಿಟ್ಟ ನೀರು ಹಸಿ. (ಉತ್ತರದ ಕಡೆ ಒಗೆದ ಅರಿವೆಗೂ ಹಸಿ ಎನ್ನುವ ರೂಢಿ ಇದೆ, ಆ ಮಾತು ಬೇರೆ.) ನೆಟ್ಟ ಸಸಿ ಎಲೆಯೆಲ್ಲ ಉದುರಿಸಿ ಕಡ್ಡಿಯಾಗಿ ನಿಂತಾಗ ರೈತರು ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡುತ್ತಾರೆ. ಕೆಳಗೆ ಹಸಿರು ಮಿಂಚಿದರೆ ‘ಹಸಿ ಇದೆ, ಬದುಕುತ್ತದೆ’ ಎನ್ನುತ್ತಾರೆ. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲೂ ಇದಕ್ಕಿಂತ ಬೇಗ ಉತ್ತರ ಕೊಡುವ ಪರೀಕ್ಷೆ ಸಿಗುವುದು ಕಷ್ಟ. ಯಾಕೆಂದರೆ ದೊಡ್ಡ ಮರದ ಕಾಂಡದಲ್ಲಿ ಜೀವವಿರುವುದು ಬಹುಮಟ್ಟಿಗೆ ಆ ತೊಗಟೆಯಡಿಯ ತೆಳುಪದರದಲ್ಲೇ. ಒಳಗಿನ ಚೇಗು ಸತ್ತ ಕೋಶಗಳ ರಾಶಿ. ಬೇರಿನಿಂದ ತುದಿಗೆ ನೀರು ಏರಿಸುವ ಕೊಳವೆಗಳಂತೂ ತಾವು ಸತ್ತು ಟೊಳ್ಳಾದ ಮೇಲೆಯೇ ಕೆಲಸ ಶುರುಮಾಡುತ್ತವೆ. ನಮ್ಮಲ್ಲಿ ಸತ್ತದ್ದು ಹೊರಗಿರುತ್ತದೆ: ಕೂದಲು, ಉಗುರು, ಚರ್ಮದ ಮೇಲ್ಪದರ. ಮರ ತನ್ನ ಸತ್ತ ಭಾಗವನ್ನು ಒಳಗಿಟ್ಟುಕೊಂಡು ಅದರ ಮೇಲೆ ಒಂದು ಹಸಿ ಪದರವನ್ನು ಹೊದ್ದು ಬೆಳೆಯುತ್ತದೆ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಕೇಳಿದ್ದೂ ಹಸಿ ಮರಕ್ಕೆ ಕೊಡಲಿ ಹಾಕಬೇಡಿ ಎಂದೇ. ಬಿದ್ದ ಮರಕ್ಕೂ ನಿಂತ ಹಸಿ ಮರಕ್ಕೂ ಇರುವ ವ್ಯತ್ಯಾಸವನ್ನು ಕಾಡಿನ ಅಂಚಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಜೀವವನ್ನು ಗುರುತಿಸಲು ಶಾಲೆಯ ಪುಸ್ತಕ ಬೇರೆ ದಾರಿ ಹಿಡಿಯುತ್ತದೆ. ಜೀವಿಗಳು ಚಲಿಸುತ್ತವೆ, ಆಹಾರ ತಿನ್ನುತ್ತವೆ, ಉಸಿರಾಡುತ್ತವೆ, ಪ್ರಚೋದನೆಗೆ ಓಗೊಡುತ್ತವೆ, ಬೆಳೆಯುತ್ತವೆ, ಮರಿ ಹಾಕುತ್ತವೆ. ಈ ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ನಾಯಿಯೋ ಹಸುವೋ ಇರಬೇಕು. ಒಂದೊಂದು ಸಾಲಿನ ಕೆಳಗೂ ‘ಸಸ್ಯಗಳೂ ಸಹ’ ಎಂದು ಒಂದು ವಿನಾಯಿತಿಯ ಸಾಲು ಸೇರಿಸಬೇಕಾಗುತ್ತದೆ. ಮಗು ಇದನ್ನೆಲ್ಲ ಓದಿ ಗಿಡವೆಂದರೆ ಓಡಲಾರದ, ಬಾಯಿಲ್ಲದ, ಅರೆಬರೆ ಪ್ರಾಣಿ ಎಂದು ತಿಳಿಯುತ್ತದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಗಿಡವನ್ನು ಅದರದೇ ಕಡೆಯಿಂದ ನೋಡಲು ನಮ್ಮ ಮನೆಮಾತಿನಲ್ಲೇ ಒಂದು ಪದ ಇರುವಾಗ ಅದನ್ನು ತರಗತಿಯ ಹೊರಗೇ ಬಿಟ್ಟು ಬರುತ್ತೇವೆ.

ಚಲನೆಯನ್ನೇ ತೆಗೆದುಕೊಳ್ಳಿ. ಮುಟ್ಟಿದರೆ ಮುನಿಯ ಎಲೆಗಳಲ್ಲಿ ಸ್ನಾಯುವಿಲ್ಲ. ಎಲೆದಂಟಿನ ಬುಡದಲ್ಲಿ ಒಂದು ಪುಟ್ಟ ಉಬ್ಬು ಇದೆ. ಮುಟ್ಟಿದೊಡನೆ ಅದರ ಒಂದು ಮಗ್ಗುಲಿನ ಕೋಶಗಳಿಂದ ಲವಣಗಳು ಹೊರಬೀಳುತ್ತವೆ, ಅವುಗಳ ಹಿಂದೆಯೇ ನೀರು ಹೊರಡುತ್ತದೆ, ಆ ಮಗ್ಗುಲು ಸಡಿಲಾಗಿ ದಂಟು ಬಾಗುತ್ತದೆ. ಹಸಿಯನ್ನು ಅತ್ತಿಂದಿತ್ತ ಸರಿಸುವುದೇ ಗಿಡದ ನಡಿಗೆ. ಜಗದೀಶಚಂದ್ರ ಬೋಸರು ಈ ಗಿಡದೊಳಗೆ ಹರಿಯುವ ವಿದ್ಯುತ್ ಸಂಕೇತಗಳನ್ನು ಅಳೆದರು. ಪ್ರಾಣಿಗಳ ನರದಂಥದ್ದು ಸಸ್ಯದಲ್ಲೂ ಇದೆ ಎಂಬ ಅವರ ಮಾತನ್ನು ಮುಂದಿನವರು ಒಪ್ಪಲಿಲ್ಲ, ಗಿಡದಲ್ಲಿ ನರಗಳಿಲ್ಲ. ಆದರೆ ಸಂಕೇತ ಹರಿಯುವುದು ನಿಜ, ಅದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ.

ಎಳೆಯ ಗಿಡ ನೆಟ್ಟಗೆ ನಿಲ್ಲುವುದೂ ಒಳಗಿನ ನೀರಿನ ಬಲದಿಂದಲೇ. ಎಲೆಯ ಒಂದೊಂದು ಕೋಶದ ಒಳಗೂ ಕಾರಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚಿನ ಒತ್ತಡ ಇರುತ್ತದೆ. ಸುತ್ತ ಗಟ್ಟಿ ಗೋಡೆ ಇರುವುದರಿಂದ ಕೋಶ ಒಡೆಯುವುದಿಲ್ಲ. ನಮ್ಮ ಕೋಶಗಳಿಗೆ ಆ ಗೋಡೆಯಿಲ್ಲ, ಅದಕ್ಕೇ ನಮಗೆ ಮೂಳೆ ಬೇಕಾಯಿತು. ಗಿಡ ಮರವಾಗುತ್ತಾ ಆ ಗೋಡೆಗಳಿಗೆ ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ತುಂಬುತ್ತದೆ. ನೀರಿನ ಬಲ ಹೋಗಿ ಕಟ್ಟಿಗೆಯ ಬಲ ಬರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯ ಹಿಂದಿರುವುದು ಈ ರಸಾಯನವೇ.

ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದ್ದರು. ಕತ್ತರಿಸಿದ ದ್ರಾಕ್ಷಿಬಳ್ಳಿಯಿಂದ ರಸ ಸೋರುವುದನ್ನು ನಿಲ್ಲಿಸಲು ಅವರು ಅದರ ತುದಿಗೆ ಪ್ರಾಣಿಯ ಮೂತ್ರಕೋಶವೊಂದನ್ನು ಬಿಗಿದು ಕಟ್ಟಿದರು. ರಸದ ಒತ್ತಡಕ್ಕೆ ಅದು ಉಬ್ಬಿ ನಿಂತಿತು. ಅಲ್ಲಿಂದ ಹೊರಟ ಕುತೂಹಲ 1727ರಲ್ಲಿ ಸಸ್ಯಗಳ ನೀರಿನ ಲೆಕ್ಕದ ದೊಡ್ಡ ಪುಸ್ತಕವಾಯಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೂರ್ಯಕಾಂತಿ ಗಿಡ ಮನುಷ್ಯನ 17 ಪಟ್ಟು ನೀರನ್ನು ಒಳಗೆಳೆದು ಹೊರಬಿಡುತ್ತದೆ ಎಂದು ಅವರು ತೂಗಿ ಹೇಳಿದರು. ಅದೇ ಮನುಷ್ಯ ಕುದುರೆಯ ರಕ್ತನಾಳಕ್ಕೆ ಕೊಳವೆ ಜೋಡಿಸಿ ರಕ್ತ 8 ಅಡಿಗೂ ಮೇಲೆ ಏರುವುದನ್ನು ಮೊದಲ ಬಾರಿಗೆ ಅಳೆದವರು; 1733ರಲ್ಲಿ ಅದನ್ನೂ ಪ್ರಕಟಿಸಿದರು. ಸಸ್ಯದ ರಸವನ್ನೂ ಪ್ರಾಣಿಯ ರಕ್ತವನ್ನೂ ಒಂದೇ ಕೈ ಒಂದೇ ಬಗೆಯ ಕೊಳವೆಯಿಂದ ಅಳೆದದ್ದು ನನಗೆ ಬಹಳ ಹಿಡಿಸುವ ಸಂಗತಿ. 17 ಪಟ್ಟು ಯಾಕೆಂದರೆ ನಾವು ನೀರನ್ನು ಸುತ್ತಿಸುತ್ತೇವೆ, ಗಿಡ ಹಾಯಿಸುತ್ತದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಪಡೆಯಲು ಎಲೆ ಬಾಯಿ ತೆರೆದಾಗಲೆಲ್ಲ ಹಸಿ ಹೊರಗೆ ಹಾರಿಹೋಗುತ್ತದೆ. ಬೇರು ಕುಡಿದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೀಗೆಯೇ ಹೋಗುತ್ತದೆ. ಊಟಕ್ಕಾಗಿ ಗಿಡ ತೆರುವ ಬೆಲೆ ಅದು.

ಆ ಬೆಲೆ ಎಷ್ಟೆಂದು ವಿಜಯಪುರದ ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಬಿತ್ತುವವರಿಗೆ ಗೊತ್ತು. ಮಳೆ ಹಿಂದೆ ಸರಿದ ಮೇಲೆ ಭೂಮಿ ಹಿಡಿದಿಟ್ಟ ಹಸಿಯ ಮೇಲೆಯೇ ಆ ಬೆಳೆ ತೆನೆಗಟ್ಟಬೇಕು. ಹಸಿ ಆರುವ ಮುಂಚೆ ಕೂರಿಗೆ ಹೂಡಬೇಕೆಂಬ ಅವಸರ ಅಲ್ಲಿಯ ಮಾತಿನಲ್ಲೇ ಇದೆ. ಮಣ್ಣಿಗೂ ಹಸಿ ಎನ್ನುವುದು ಸರಿಯೇ ಸರಿ, ಹಸಿ ಇರುವವರೆಗೆ ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಜೀವಿಗಳ ಬಾಳು ನಡೆದಿರುತ್ತದೆ.

ಜೋಳದ ಮಾತು ಬಂದದ್ದರಿಂದ ಹೇಳಲೇಬೇಕಾದ ಇನ್ನೊಂದು ವಿಷಯ. ದನ ಕಾಯುವವರು ಎಳೆ ಜೋಳಕ್ಕೆ, ಅದರಲ್ಲೂ ಕೊಯ್ದ ಬುಡದಿಂದ ಚಿಗುರಿದ ಕೂಳೆ ಜೋಳಕ್ಕೆ ದನ ಬಿಡುವುದಿಲ್ಲ. ಹಸಿ ಚಿಗುರು ಮೇಯ್ದ ಎತ್ತು ನಿಂತಲ್ಲೇ ತತ್ತರಿಸಿ ಬೀಳಬಹುದು. ಎಲೆಯ ಹೊರಪದರದ ಕೋಶಗಳಲ್ಲಿ ಜೋಳ ಧುರಿನ್ ಎಂಬ ವಸ್ತುವನ್ನು ಇಟ್ಟುಕೊಂಡಿದೆ. ಅದನ್ನು ಒಡೆಯುವ ಕಿಣ್ವ ಒಳಪದರದ ಕೋಶಗಳಲ್ಲಿದೆ. ಎರಡೂ ತಂತಮ್ಮ ಜಾಗದಲ್ಲಿರುವವರೆಗೆ ಏನೂ ಆಗುವುದಿಲ್ಲ. ಎತ್ತಿನ ಹಲ್ಲಿನಡಿ ಎಲೆ ಜಜ್ಜಿದಾಗ ಎರಡೂ ಬೆರೆತು ಸಯನೈಡ್ ಹುಟ್ಟುತ್ತದೆ. ಸಯನೈಡ್ ಉಸಿರು ಕಟ್ಟಿಸುವುದು ಶ್ವಾಸಕೋಶದಲ್ಲಲ್ಲ. ಒಂದೊಂದು ಕೋಶದ ಒಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗವಿದೆ, ಆಮ್ಲಜನಕ ಬಳಕೆಯಾಗುವುದು ಅಲ್ಲಿ. ಸಯನೈಡ್ ಆ ಕೊನೆಯ ಹೆಜ್ಜೆಯನ್ನೇ ತಡೆಯುತ್ತದೆ. ರಕ್ತದ ತುಂಬ ಆಮ್ಲಜನಕ ಇದ್ದೂ ಮೈ ಅದನ್ನು ಬಳಸಲಾರದು. ಅದಕ್ಕೇ ಹೀಗೆ ಬಿದ್ದ ದನದ ರಕ್ತ ಹೊಳೆಯುವ ಕೆಂಪಾಗಿರುತ್ತದೆ.

ಜೋಳ ಆ ಎರಡು ವಸ್ತುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಯಾಕೆ ಇಟ್ಟಿತು? ಜೋಳದ ಕೋಶಗಳಲ್ಲೂ ಅದೇ ಮೈಟೊಕಾಂಡ್ರಿಯ ಇದೆ. ಎತ್ತನ್ನು ಕೊಲ್ಲುವುದು ಪೈರನ್ನೂ ಕೊಲ್ಲಬಲ್ಲದು. ಸಸ್ಯ ಇಂಗಾಲದ ಡೈಆಕ್ಸೈಡ್ ಉಸಿರಾಡುತ್ತದೆ, ಪ್ರಾಣಿ ಆಮ್ಲಜನಕ ಉಸಿರಾಡುತ್ತದೆ ಎಂದು ಎಷ್ಟೋ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ತಪ್ಪು. ಗಿಡ ಹಗಲೂ ರಾತ್ರಿ ನಮ್ಮ ಹಾಗೆಯೇ ಆಮ್ಲಜನಕ ಉಸಿರಾಡುತ್ತದೆ. ಬಿಸಿಲಿದ್ದಾಗ ಅದರ ಜೊತೆಗೆ ಅನ್ನವನ್ನೂ ತಯಾರಿಸುತ್ತದೆ, ಅಷ್ಟೇ. ಎತ್ತಿಗೂ ಜೋಳಕ್ಕೂ ಇರುವ ನೆಂಟಸ್ತಿಕೆಯನ್ನು ಆ ವಿಷದಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು. ಅವೆರಡರ ವ್ಯತ್ಯಾಸವನ್ನು ಹೇಳುವುದೂ ಅದೇ ವಿಷ. ಎತ್ತಿಗೆ ಕಾಲಿದೆ, ಅಪಾಯ ಬಂದರೆ ಓಡುತ್ತದೆ. ಜೋಳ ನಿಂತಲ್ಲೇ ನಿಂತು ತನ್ನ ಎಲೆಯೊಳಗೆ ಮದ್ದು ಅರೆಯುತ್ತದೆ. ಪೈರು ಬಲಿತಂತೆ ವಿಷ ಇಳಿಯುತ್ತದೆ, ಒಣಗಿದ ಕಣಿಕೆಯನ್ನು ಅದೇ ಎತ್ತು ಬೇಸಿಗೆಯೆಲ್ಲ ತಿನ್ನುತ್ತದೆ.

ಅಡುಗೆಮನೆಯಲ್ಲಿ ‘ಹಸಿ ವಾಸನೆ ಹೋಗುವವರೆಗೆ ಹುರಿ’ ಎನ್ನುತ್ತಾರಲ್ಲ, ಅಲ್ಲೂ ನಡೆಯುವುದು ಇದೇ ಬಗೆಯ ಕತೆ. ಇಡೀ ಬೆಳ್ಳುಳ್ಳಿಗೆ ಘಾಟಿಲ್ಲ. ಜಜ್ಜಿದೊಡನೆ ಕಿಣ್ವವೂ ಅದರ ವಸ್ತುವೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಕಚ್ಚಲು ಬಂದ ಹುಳಕ್ಕೆಂದು ಇಟ್ಟ ಮದ್ದನ್ನು ನಾವು ಎಣ್ಣೆಯಲ್ಲಿ ಬಾಡಿಸಿ ಒಗ್ಗರಣೆ ಮಾಡಿಕೊಳ್ಳುತ್ತೇವೆ.

ಹಸಿ ಎಂಬ ಗುರುತು ಸೋಲುವ ಜಾಗವೂ ಇದೆ. ಬಿತ್ತನೆಯ ಭತ್ತ ಒಣ. ತೇವಾಂಶ ನೂರಕ್ಕೆ ಹನ್ನೆರಡು ಹದಿಮೂರಕ್ಕೆ ಇಳಿದರೇನೇ ಅದು ಕಣಜದಲ್ಲಿ ಕೆಡದೆ ಉಳಿಯುತ್ತದೆ. ಒಣಗಿದೆ, ಆದರೂ ಬದುಕಿದೆ. ಇಸ್ರೇಲಿನ ಮಸಾಡ ಕೋಟೆಯಲ್ಲಿ ಅಗೆತದಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ನೆಟ್ಟಾಗ ಮೊಳೆಯಿತು. ಬಂಡೆಗಳ ಮೇಲೆ ಬೆಳೆಯುವ ಸಂಜೀವಿನಿ ಬೇಸಿಗೆಯಲ್ಲಿ ಮುದುಡಿ ಕಂದು ಉಂಡೆಯಾಗಿ, ನೀರು ಬಿದ್ದರೆ ಕೆಲವೇ ಗಂಟೆಗಳಲ್ಲಿ ಅರಳುತ್ತದೆ. ಪಾಚಿಯಲ್ಲಿ ವಾಸಿಸುವ ನೀರುಕರಡಿಯೆಂಬ ಅರೆ ಮಿಲಿಮೀಟರಿನ ಪ್ರಾಣಿಯೂ ಹೀಗೆ ಒಣಗಿ ಎದ್ದು ಬರಬಲ್ಲದು. ಆದರೆ ಒಣಗಿದ್ದಷ್ಟು ಕಾಲ ಅವು ಬೆಳೆಯುವುದಿಲ್ಲ, ತಿನ್ನುವುದಿಲ್ಲ, ಮರಿ ಮಾಡುವುದಿಲ್ಲ. ಆಗ ಶಾಲೆಯ ಪಟ್ಟಿಯೂ ಅವುಗಳ ಮುಂದೆ ಕೈಚೆಲ್ಲುತ್ತದೆ.

ಹಲಸಿನ ಬೀಜಕ್ಕೆ ಆ ವಿದ್ಯೆ ಗೊತ್ತಿಲ್ಲ. ಒಣಗಿದರೆ ಸಾಯುತ್ತದೆ, ಅದಕ್ಕೇ ನಮ್ಮ ಕಡೆ ಅದನ್ನು ಮಣ್ಣಿನಲ್ಲೋ ಮರಳಿನಲ್ಲೋ ಹೂತು ಹಸಿಯಾಗಿಯೇ ಇಡುತ್ತಿದ್ದರು. ಬೀಜ ಬ್ಯಾಂಕಿನ ಶೀತಲ ಪೆಟ್ಟಿಗೆ ಅದಕ್ಕೆ ಒಗ್ಗದು. ಮೊಳೆತರೂ ತಾಯಿಮರದ ರುಚಿ ಬರುತ್ತದೆಂಬ ಭರವಸೆಯಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ತೋಟವೊಂದರ ತಾಮ್ರಗೆಂಪು ತೊಳೆಯ ಹಲಸಿಗೆ ‘ಸಿದ್ದು’ ಎಂದು ಹೆಸರು. ಅದನ್ನು ಉಳಿಸಿ ಹಂಚಲು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಿಡಿದದ್ದು ಕಸಿಯ ದಾರಿ. ಕಸಿ ಕಟ್ಟುವವರು ಕಡ್ಡಿಯ ಹಸಿ ಪದರಕ್ಕೆ ಬೇರುಗಿಡದ ಹಸಿ ಪದರವನ್ನು ಕೂಡಿಸಿ, ಆರದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ಎರಡೂ ಬೆಸೆದರೆ ಕೆಲವು ವಾರಗಳಲ್ಲಿ ಮೊಗ್ಗು ಕಣ್ಣು ಬಿಡುತ್ತದೆ. ಎತ್ತನ್ನು ಹೀಗೆ ಕತ್ತರಿಸಿ ಊರೂರಿಗೆ ಹಂಚಲಾಗದು. ಸಿದ್ದುವಿನ ಕಸಿಗಿಡಗಳು ಈಗ ಎಷ್ಟೋ ರೈತರ ಹಿತ್ತಲಲ್ಲಿ ಬೇರು ಬಿಟ್ಟಿವೆ. ಅವೆಲ್ಲ ಬೇರೆ ಬೇರೆ ಮರಗಳೋ, ಚೇಳೂರಿನ ಆ ಒಂದೇ ಮರವೋ ಎಂದು ಕೇಳಿದರೆ ಸಸ್ಯಶಾಸ್ತ್ರಜ್ಞರು ಎರಡೂ ಹೌದೆನ್ನುತ್ತಾರೆ.