ಡೋಣಿಯ ಮಹಾಪೂರವೂ ಒಂದು ಗಾದೆಯ ಎರಡು ಪಾಠಗಳೂ

ವಿಜಯಪುರ ಸೀಮೆಯ ರೈತರ ಬಾಯಲ್ಲಿ ‘ಡೋಣಿ ಹರಿದರೆ ಓಣೆಲ್ಲ ಕಾಳು’ ಎಂಬ ಗಾದೆಯೊಂದುಂಟು; ‘ಡೋಣಿ ಬೆಳೆದರೆ’ ಎಂಬ ಪಾಠಾಂತರವೂ ರೂಢಿಯಲ್ಲಿರುವುದು. ಮೊದಲನೆಯದರಲ್ಲಿ ಡೋಣಿಯೆಂದರೆ ನದಿ. ಎರಡನೆಯದರಲ್ಲಿ ಅದರ ಇಕ್ಕೆಲದ ಎರೆಭೂಮಿ, ಎಂದರೆ ಜನರು ಡೋಣಿಸಾಲು ಎಂದು ಕರೆಯುವ ನಾಡು. ಒಂದೇ ಹೆಸರು ನೀರಿಗೂ ನೆಲಕ್ಕೂ ಸಲ್ಲುವ ಈ ಬಳಕೆಯನ್ನು ಶಬ್ದಶೈಥಿಲ್ಯವೆಂದು ತಳ್ಳಿಹಾಕಲಾಗದು. ತಾಳಿಕೋಟೆಯ ಬಳಿ ಮತ್ತೆ ಮತ್ತೆ ದಡ ಮೀರುವ ಪ್ರವಾಹದ ಕಾರಣವನ್ನು ಅರಸುವವನಿಗೆ ಅದೇ ದಾರಿ ತೋರುವುದೆಂದು ನನ್ನ ಅಭಿಮತ.

ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಅಂಕುಡೊಂಕಾಗಿ ಹಾಯ್ದು, ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಕೂಡುವ ಈ ಹೊಳೆ ಬೇಸಗೆಯಲ್ಲಿ ಹೊಳೆಯೆನಿಸಿಕೊಳ್ಳುವುದೇ ದುರ್ಲಭ. ಅಲ್ಲಲ್ಲಿ ನಿಂತ ನೀರೂ ಸವಳು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಇಂತಹ ಸೀಮೆಯಲ್ಲಿ ಮಹಾಪೂರವೇ ಎಂದು ಪರಸ್ಥಳದವರು ಬೆರಗಾಗುವುದು ಸಹಜ. ಮಳೆ ಎಷ್ಟು ಬಿತ್ತೆಂಬುದನ್ನು ಬಿಟ್ಟು, ಯಾವಾಗ ಬಿತ್ತು, ಎಂತಹ ನೆಲದ ಮೇಲೆ ಬಿತ್ತು ಎಂದು ಕೇಳಿದೊಡನೆ ಈ ಬೆರಗು ಕರಗುವುದು. ಬಸಾಲ್ಟ್ ಶಿಲೆ ಶಿಥಿಲಗೊಂಡು ಉಂಟಾದ ಎರೆಮಣ್ಣು ಬೇಸಗೆಯಲ್ಲಿ ಆಳವಾಗಿ ಬಿರಿದು, ಮುಂಗಾರಿನ ಮೊದಲ ಮಳೆಗಳನ್ನು ಸದ್ದಿಲ್ಲದೆ ನುಂಗುವುದು. ನೀರುಂಡು ಉಬ್ಬಿದ ಮೇಲೆ ಬಿರುಕುಗಳು ಮುಚ್ಚಿ, ನೀರು ಒಳಗಿಳಿಯುವುದೇ ಕಷ್ಟವಾಗುವುದು. ಆ ಸೀಮೆಯಲ್ಲಿ ಅತ್ಯಧಿಕ ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ, ಎಂದರೆ ನೆಲದ ಬಾಯಿ ಮುಚ್ಚಿದ ಬಳಿಕ. ಅದೂ ಹಿಂಗಾರಿ ಜೋಳಕ್ಕೆಂದು ಹರಗಿ ಬರಿದಾಗಿಟ್ಟ ಹೊಲಗಳ ಮೇಲೆ. ಆಗ ಕದಡಿದ ಮೇಲ್ಮಣ್ಣು ಹಳ್ಳಗಳನ್ನು ಹಿಡಿದು ಡೋಣಿಗೆ ಬಂದು, ಇಳಿಜಾರು ಕಡಿಮೆಯಾದ ಆ ಪಾತ್ರದಲ್ಲಿ ಹೂಳಾಗಿ ತಂಗುವುದು. ಹೂಳಿನ ಮೇಲೆ ಬೆಳೆದ ಜಾಲಿಕಂಟಿ ಮರುವರ್ಷದ ಹೂಳನ್ನು ತಡೆದು ನಿಲ್ಲಿಸುವುದು. ಹೀಗೆ ಪಾತ್ರವು ಏರುತ್ತ ಹೋದಂತೆಲ್ಲ, ಹಿಂದೆ ದಡದೊಳಗೇ ಹರಿದುಹೋಗುತ್ತಿದ್ದಷ್ಟು ನೀರು ಈಗ ಹೊಲಗಳಿಗೆ ನುಗ್ಗುವುದು. ಹಡಗಿನಾಳದ ಬಳಿಯ ತಗ್ಗುಸೇತುವೆ ಮುಳುಗಿದಾಗ, ತಾಳಿಕೋಟೆಯ ಸಂತೆಗೋ ಶಾಲೆಗೋ ದವಾಖಾನೆಗೋ ಹೊರಟವರು ಹೊಳೆ ಇಳಿಯುವುದನ್ನೇ ಕಾಯಬೇಕು, ಇಲ್ಲವೇ ದೂರದ ಸುತ್ತುದಾರಿ ಹಿಡಿಯಬೇಕು. ಬಸುರಿಗೋ ರೋಗಿಗೋ ಈ ಕಾಯುವಿಕೆ ಎಷ್ಟು ದಾರುಣವೆಂಬುದನ್ನು ನೀರಿನ ಮಟ್ಟವನ್ನಷ್ಟೇ ಅಳೆಯುವ ನಮ್ಮ ವಿಚಾರಗಳು ಮರೆಯಬಾರದು.

ಹಾಗಾದರೆ ‘ಹರಿದರೆ’ ಎಂಬ ಪಾಠ ಸುಳ್ಳೇ? ಹಾಗೆನ್ನಲಾರೆ. ಹಿಂಗಾರಿ ಜೋಳ ನೆಲದೊಳಗಿನ ಹಸಿಯನ್ನೇ ನಂಬಿ ಬೆಳೆಯುವ ಪೈರು. ಬಿತ್ತನೆಗೆ ಮುನ್ನ ಹೊಲಕ್ಕೆ ಬಂದು ಬೇಗನೆ ಹಿಂದೆ ಸರಿದ ನೆರೆ ಆ ಹಸಿಯನ್ನೂ ತೆಳುವಾದ ಮೆಕ್ಕಲನ್ನೂ ಕೊಟ್ಟುಹೋಗುತ್ತಿದ್ದಿತು. ಗಾದೆ ಹುಟ್ಟಿದುದು ಆ ಜೋಳದ ಕಾಲದಲ್ಲಿ ಎಂದು ನಾನು ಊಹಿಸುವೆನು. ಇಂದು ಸೆಪ್ಟೆಂಬರಿನಲ್ಲಿ ಹಲವು ಹೊಲಗಳಲ್ಲಿ ತೊಗರಿಯೂ ಹತ್ತಿಯೂ ಎದೆಯೆತ್ತರಕ್ಕೆ ನಿಂತಿರುವುವು. ಬೇರಿನಲ್ಲಿ ನೀರು ನಿಂತರೆ ಅವು ಕೊಳೆಯುವುವು. ಅಂದು ಕಾಳಾಗುತ್ತಿದ್ದ ನೀರೇ ಇಂದು ನಷ್ಟವಾಗುವುದು ಹೀಗೆ.

ಹೊಳೆಯ ಹೂಳೆತ್ತಿರೆಂಬ ದಡದ ರೈತರ ಕೂಗು ನ್ಯಾಯವಾದುದೇ. ಆದರೆ ಹೂಳು ಹೊಳೆಯಲ್ಲಿ ಹುಟ್ಟಿದುದಲ್ಲ. ಆಗ ಬಿಜಾಪುರವೆನಿಸಿದ್ದ ವಿಜಯಪುರದಲ್ಲಿ 1933ರಲ್ಲಿ ಆರಂಭವಾದ ಒಣಬೇಸಾಯದ ಸಂಶೋಧನಾ ಕೇಂದ್ರವು ಮಣ್ಣನ್ನೂ ಮಳೆಯನ್ನೂ ಹೊಲದಲ್ಲಿಯೇ ತಡೆಯುವ ಉಪಾಯಗಳನ್ನು ಅರಸಿತು. ಇಳಿಜಾರಿಗೆ ಅಡ್ಡಲಾಗಿ ಹಾಕುವ ಒಡ್ಡು ಅವುಗಳಲ್ಲಿ ಮುಖ್ಯವಾದುದು. ಮೇಲಿನ ಹೊಲದ ಒಡ್ಡು ಒಡೆದು ವರ್ಷಗಟ್ಟಲೆ ಹಾಗೆಯೇ ಉಳಿದರೆ, ಅಲ್ಲಿಂದ ಜಾರಿದ ಮಣ್ಣು ಎಂದಾದರೊಮ್ಮೆ ತಾಳಿಕೋಟೆಯ ಕೆಳಗಿನ ಜಾಲಿಯ ಬುಡಕ್ಕೆ ಬಂದು ಸೇರುವುದು.