ಖಿಲಾಡೂವೃತ್ತಿಗೆ ಕನ್ನಡದಲ್ಲಿ ಏನನ್ನಬೇಕು?

ಗಡಿಯ ಎರಡೂ ಕಡೆ ಕಾಲೇಜು ನಡೆಸುವ ಒಂದು ಸಂಸ್ಥೆಯವರು ಕಳೆದ ತಿಂಗಳು ನನಗೊಂದು ಕೆಲಸ ಕೊಟ್ಟರು. ಅವರ ಕಾಲೇಜುಗಳ ಆಟಗಾರರು ಹೇಗೆ ನಡೆದುಕೊಳ್ಳಬೇಕು ಎಂಬ ಹನ್ನೆರಡು ಪುಟದ ನಿಯಮಾವಳಿ. ಮೂಲ ಇಂಗ್ಲಿಷು, ಅನುಕೂಲಕ್ಕಿರಲಿ ಎಂದು ಮರಾಠಿ ಅನುವಾದವನ್ನೂ ಜೊತೆಗಿಟ್ಟಿದ್ದರು. ಮೊದಲ ಸಾಲಿನಲ್ಲೇ ನಿಂತೆ. ಮರಾಠಿಯವರು ‘ಸ್ಪೋರ್ಟ್ಸ್‌ಮನ್‌ಶಿಪ್’ಗೆ ‘ಖಿಲಾಡೂವೃತ್ತಿ’ ಎಂದಿದ್ದರು. ಚೆಂದದ ಮಾತು, ದಿನಪತ್ರಿಕೆಯಿಂದ ಹಿಡಿದು ಗಲ್ಲಿ ಕ್ರಿಕೆಟ್ಟಿನವರೆಗೆ ಬಳಕೆಯಲ್ಲಿರುವಂಥದ್ದು. ನಮ್ಮಲ್ಲಿ ಅದೇ ಬೇರಿನ ಮಾತು ‘ಕಿಲಾಡಿ’. ಹಿಂದಿಯಲ್ಲಿ ಆಟಗಾರ ಎಂದಷ್ಟೇ ಇದ್ದದ್ದು ಕನ್ನಡಕ್ಕೆ ಬರುವಷ್ಟರಲ್ಲಿ ಕೈಗೆ ಸಿಗದ ಚಾಲಾಕಿಯಾಯಿತು. ‘ಅವನು ಭಾರೀ ಕಿಲಾಡಿ’ ಎಂದರೆ ಅವನ ಆಟವನ್ನು ಯಾರೂ ಹೊಗಳುತ್ತಿಲ್ಲ.

‘ಕ್ರೀಡಾ ಮನೋಭಾವ’ ಎಂದು ಬರೆದು ಮುಂದೆ ಹೋಗಬಹುದಿತ್ತು, ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಅದು ಬಹುಮಾನ ವಿತರಣೆಯ ಭಾಷಣದ ಮಾತು, ಮೈದಾನದಲ್ಲಿ ಯಾರೂ ಆಡುವುದಿಲ್ಲ. ಮೈದಾನದಲ್ಲಿ ನಮಗಿರುವುದು ಅದರ ವಿರುದ್ಧದ ಮಾತು: ಕಳ್ಳಾಟ. ಮರಾಠಿಯಲ್ಲೂ ‘ರಡೀಚಾ ಡಾವ್’ ಎಂದಿದೆ, ಸೋಲಲಾರದವನು ಅತ್ತು ಕರೆದು ಆಡುವ ಆಟ. ತಪ್ಪಿಗೆ ಜನ ಕೊಟ್ಟ ಹೆಸರು ಹೀಗೆ ಖಡಕ್ಕಾಗಿರುತ್ತದೆ, ಒಳ್ಳೆಯ ನಡತೆಗೆ ಕಮಿಟಿ ಕೂತು ಹೆಸರಿಡಬೇಕಾಗುತ್ತದೆ.

ಮಾತು ಹೊಳೆಯದಿದ್ದಾಗ ನಾನು ನಡೆಯುತ್ತೇನೆ. ನನ್ನ ಮನೆ ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ. ನಾನಾ ಚೌಕ ದಾಟಿ ಗಾಂವ್‌ದೇವಿಗೆ ಬಂದರೆ ಲ್ಯಾಬರ್ನಮ್ ರಸ್ತೆ, ಅಲ್ಲಿ ಮಣಿ ಭವನ. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ಉಳಿಯುತ್ತಿದ್ದ ಮನೆ. ಅಲ್ಲಿಂದ ಚೌಪಾಟಿ, ವಿಲ್ಸನ್ ಕಾಲೇಜು. ಆಮೇಲೆ ಸಮುದ್ರದ ಗುಂಟ ದಕ್ಷಿಣಕ್ಕೆ ಹೋದರೆ ಜಿಮ್ಖಾನಾಗಳು. ಒಂದರ ಹೆಸರು ಪಾರ್ಸಿ, ಒಂದರದ್ದು ಇಸ್ಲಾಂ, ಇನ್ನೊಂದರದ್ದು ಹಿಂದೂ. ಬ್ರಿಟಿಷ್ ಸರ್ಕಾರ ಸಮುದಾಯಕ್ಕೊಂದರಂತೆ ಜಾಗ ಕೊಟ್ಟದ್ದರಿಂದ ಬಂದ ಹೆಸರುಗಳು. ದಿನವೂ ಕಣ್ಣಿಗೆ ಬೀಳುವುದರಿಂದ ನಮಗದು ವಿಚಿತ್ರ ಅನ್ನಿಸುವುದೇ ಇಲ್ಲ.

ಈ ದಾರಿಯಲ್ಲಿ ಕನ್ನಡಿಗರಿಗೆ ಪ್ರಿಯವಾದ ಕಥೆ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಗ್ರಾಂಟ್ ರೋಡಿನಿಂದ ಲೋಕಲ್ಲಿನಲ್ಲಿ ಮೂರನೇ ಸ್ಟೇಷನ್ ಚರ್ಚ್‌ಗೇಟ್, ಅದರ ಮಗ್ಗುಲಲ್ಲೇ ವಾಂಖೆಡೆ. 1980ರ ಫೆಬ್ರವರಿಯಲ್ಲಿ ಅಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಸುವರ್ಣ ಮಹೋತ್ಸವ ಟೆಸ್ಟ್ ನಡೆಯಿತು. ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಫೆಬ್ರವರಿ 16ಕ್ಕೆ ಆಟಕ್ಕೆ ರಜೆ, ಏಕೆಂದರೆ ಅಂದು ಸೂರ್ಯಗ್ರಹಣ. ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ಕಡೆ ಅದು ಖಗ್ರಾಸವಾಗಿತ್ತು. ಮರುದಿನ ಆಟ ಮುಂದುವರಿದಾಗ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತು. ಆಮೇಲೆ ಬಾಥಮ್ ಜೊತೆ ನಿಂತವನು ವಿಕೆಟ್ ಕೀಪರ್ ಬಾಬ್ ಟೇಲರ್. ಕಪಿಲ್ ದೇವ್ ಎಸೆತಕ್ಕೆ ಕೀಪರ್ ಕ್ಯಾಚ್ ಹಿಡಿದರೆಂದು ಮನವಿ, ಅಂಪೈರ್ ಹನುಮಂತ ರಾವ್ ಬೆರಳೆತ್ತಿದರು. ಟೇಲರ್ ಅನುಮಾನಿಸುತ್ತಾ ನಿಂತ. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂಬುದು ಖಚಿತವಾಗಿತ್ತು. ಅಂಪೈರರ ಬಳಿ ಹೋಗಿ ತೀರ್ಪು ಹಿಂತೆಗೆದುಕೊಳ್ಳುವಂತೆ ಕೇಳಿಕೊಂಡರು, ಅವರು ಒಪ್ಪಿದರು. ಟೇಲರ್ 43, ಬಾಥಮ್ 114, ಇಬ್ಬರ ಜೊತೆಯಾಟ 171. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದದ್ದು ಎರಡೇ ಟೆಸ್ಟ್‌ಗಳಿಗೆ, ಒಂದರಲ್ಲೂ ಗೆಲುವಿಲ್ಲ.

ಕಾಲೇಜಿನ ನಿಯಮಾವಳಿ ಇಂಥ ಕಥೆಗಾಗಿಯೇ ಬರೆದಂತಿದೆ. ಅಂಪೈರ್ ಮಾತು ಮೀರಬಾರದು, ಎದುರಾಳಿಯ ಕೈ ಕುಲುಕಬೇಕು, ವಯಸ್ಸು ಸುಳ್ಳು ಹೇಳಬಾರದು, ಬೇರೆಯವರ ಹೆಸರಿನಲ್ಲಿ ಆಡಬಾರದು. (ವಿಶ್ವನಾಥ್ ಅಂಪೈರ್ ಮಾತನ್ನೇ ಬದಲಿಸಿದರಲ್ಲ, ನಿಯಮ ನಂ. 1 ಮುರಿದಂತಾಯಿತೇ ಎಂದು ಒಂದು ಕ್ಷಣ ಗೊಂದಲಕ್ಕೆ ಬಿದ್ದೆ.) ಎಲ್ಲವೂ ಸರಿ. ಆದರೆ ಇವೆಲ್ಲ ಆಟ ಶುರುವಾದ ಮೇಲಿನ ಮಾತುಗಳು. ಮೈದಾನಕ್ಕೆ ಇಳಿಯುವವರು ಯಾರು, ಹನ್ನೊಂದು ಜನರ ಪಟ್ಟಿ ಬರೆಯುವ ಕೈ ಯಾರದ್ದು ಎಂಬಲ್ಲಿಗೆ ನಿಯಮಾವಳಿ ಹೋಗುವುದೇ ಇಲ್ಲ. ಈ ಸಮುದ್ರದಂಚಿನ ಹಳೆಯ ಜಗಳವೆಲ್ಲ ಅದರದ್ದೇ.

ಪಳವಣಕರ್ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1875-76ರ ಸುಮಾರಿಗೆ. ಚಮ್ಮಾರ ಕುಟುಂಬ, ಮೂಲ ಕೊಂಕಣದ ಪಳವಣ. ಬೆಳೆದದ್ದು ಪುಣೆಯಲ್ಲಿ, ಮೊದಲ ಕೆಲಸ ಕ್ರಿಕೆಟ್ ಮೈದಾನ ಗುಡಿಸಿ ರೋಲರ್ ಎಳೆಯುವುದು. ಬಿಳಿಯರ ಕ್ಲಬ್ಬಿನಲ್ಲಿ ಗ್ರೆಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ನಿನ ಅಭ್ಯಾಸಕ್ಕೆ ಬೌಲಿಂಗ್ ಮಾಡಿಯೇ ಎಡಗೈ ಸ್ಪಿನ್ ಪಳಗಿತು. ಚೆಂಡು ಕೊಟ್ಟವರು ಬ್ಯಾಟು ಮಾತ್ರ ಕೊಡಲಿಲ್ಲ. ಬಿಳಿಯರನ್ನು ಸೋಲಿಸುವ ಆಸೆಗೆ ಪುಣೆಯ ಹಿಂದೂಗಳು ಬಾಳೂವನ್ನು ತಂಡಕ್ಕೆ ಸೇರಿಸಿಕೊಂಡರು. ಅಂಗಳದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ.

ಮುಂದೆ ಮುಂಬಯಿಗೆ ಬಂದು ಹಿಂದೂ ಜಿಮ್ಖಾನಾಕ್ಕೆ ಆಡಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಆ ಗೆಲುವಿನಲ್ಲಿ ಬಾಳೂ ಪಾಲು ದೊಡ್ಡದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದರೂ ನಾಯಕನ ಪಟ್ಟ ಪ್ರತಿ ವರ್ಷ ಬೇರೊಬ್ಬರಿಗೆ. 1913ರಲ್ಲಿ ನಾಯಕರಾದ ಎಂ.ಡಿ. ಪೈ ತಮ್ಮ ಸನ್ಮಾನದ ಸಭೆಯಲ್ಲೇ, ಈ ಗೌರವ ಹಿರಿಯನೂ ಅನುಭವಿಯೂ ಆದ ಗೆಳೆಯ ಬಾಳೂಗೆ ಸಲ್ಲಬೇಕಿತ್ತು ಎಂದರು. ನನ್ನ ಮಟ್ಟಿಗೆ ಇದು ವಿಶ್ವನಾಥ್ ಕಥೆಗಿಂತ ಒಂದು ಹಿಡಿ ಹೆಚ್ಚು ತೂಕದ್ದು. ಟೇಲರ್‌ನನ್ನು ಕರೆದಾಗ ಇಡೀ ಸ್ಟೇಡಿಯಂ ನೋಡುತ್ತಿತ್ತು, ಎದುರಿದ್ದವನು ಅತಿಥಿ. ಪೈ ಆ ಮಾತಾಡಿದ್ದು ತಮ್ಮವರ ನಡುವೆ ನಿಂತು, ತಮ್ಮವರ ತಪ್ಪಿನ ಬಗ್ಗೆ.

ಮಾತಿನಿಂದ ಏನೂ ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. 1920ರಲ್ಲಿ ಮತ್ತೆ ಪೈ ನಾಯಕ, ಬಾಳೂ ತಂಡದಿಂದಲೇ ಹೊರಗೆ. ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ, ಇಬ್ಬರೂ ಒಳ್ಳೆಯ ಆಟಗಾರರು, ಇದು ಜಾತಿಯ ಕಾರಣಕ್ಕೆ ಆದ ಅನ್ಯಾಯ ಎಂದು ಬಹಿರಂಗವಾಗಿ ಹೇಳಿ ತಂಡ ಬಿಟ್ಟರು. ಊರೆಲ್ಲ ಚರ್ಚೆ. ಕೊನೆಗೆ ಮೂವರೂ ಮರಳಿದರು, ಬಾಳೂ ಉಪನಾಯಕ. ಪಾರ್ಸಿಗಳ ವಿರುದ್ಧದ ಪಂದ್ಯದಲ್ಲಿ ಪೈ ಮೈದಾನದಿಂದ ಹೊರಗಿದ್ದ ಹೊತ್ತಿನಲ್ಲಿ ತಂಡ ನಡೆಸಿದ್ದು ಬಾಳೂ. ಅವರಿಗೆ ದಕ್ಕಿದ್ದು ಅಷ್ಟೇ. 1923ರಲ್ಲಿ ವಿಠ್ಠಲ ಪೂರ್ಣ ಪ್ರಮಾಣದ ನಾಯಕನಾದ, ಹಿಂದೂಗಳು ಗೆದ್ದರು, ಜನ ಅವನನ್ನು ಹೆಗಲ ಮೇಲೆ ಹೊತ್ತರು. ತಂಡ ಬಿಟ್ಟು ನಡೆದದ್ದನ್ನು ಯಾವ ನಿಯಮಾವಳಿಯಾದರೂ ಅಶಿಸ್ತು ಎಂದೇ ಕರೆದೀತು. ನನ್ನ ಕೈಲಿದ್ದ ಹನ್ನೆರಡು ಪುಟದಲ್ಲೂ ಹಾಗೇ ಇತ್ತು: ಆಯ್ಕೆಯ ಬಗ್ಗೆ ಬಹಿರಂಗವಾಗಿ ಮಾತಾಡುವಂತಿಲ್ಲ.

ಇನ್ನು ಕಾಲೇಜಿನ ವಿಷಯ. ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ತಂಡಗಳ ಪಂದ್ಯಾವಳಿಗೆ 1937ರಲ್ಲಿ ಉಳಿದವರೆಲ್ಲ ಸೇರಿದ ‘ರೆಸ್ಟ್’ ಎಂಬ ತಂಡವೂ ಕೂಡಿಕೊಂಡು ಅದು ಪೆಂಟ್ಯಾಂಗ್ಯುಲರ್ ಆಯಿತು. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮ್ಖಾನಾದ ಕೆಲವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಅಭಿಪ್ರಾಯ ಕೇಳಿದರು. ಯುದ್ಧದ ಸೂತಕದಲ್ಲಿ ಜಗತ್ತಿರುವಾಗ ಈ ವಿನೋದ ಬೇಡ ಎಂದರು ಅವರು. ಜೊತೆಗೆ, ಕಾಲೇಜುಗಳ, ಸಂಸ್ಥೆಗಳ ನಡುವಿನ ಪಂದ್ಯ ತಮಗೆ ಅರ್ಥವಾಗುತ್ತದೆ, ಧರ್ಮಕ್ಕೊಂದು ತಂಡ ಏಕೆಂದು ಎಂದೂ ಅರ್ಥವಾಗಿಲ್ಲ, ಇಂಥ ವಿಭಜನೆ ಆಟದ ಸಭ್ಯತೆಗೇ ಹೊಂದುವುದಿಲ್ಲ ಎಂದರು. ಕ್ರಿಕೆಟ್ ಬಗ್ಗೆ ಅಂಥ ಒಲವಿಲ್ಲದ ಮನುಷ್ಯ ಖಿಲಾಡೂವೃತ್ತಿಯನ್ನು ತಂಡ ಕಟ್ಟುವ ಹಂತಕ್ಕೇ ಒಯ್ದಿಟ್ಟರು. ಆ ವರ್ಷ ಹಿಂದೂಗಳು ಹಿಂದೆ ಸರಿದರು, ಮರುವರ್ಷ ಮರಳಿದರು. ಪಂದ್ಯಾವಳಿ ಪೂರ್ತಿ ನಿಂತದ್ದು 1946ರಲ್ಲಿ. ಕೆಲವರ ಪಾಲಿಗೆ ಅದು ನಷ್ಟವೂ ಹೌದು, ಅಷ್ಟು ಜನ ಸೇರುತ್ತಿದ್ದ ಪಂದ್ಯ ಮುಂಬಯಿಯಲ್ಲಿ ಬೇರೆ ಇರಲಿಲ್ಲ.

ಗಾಂಧೀಜಿ ತೋರಿಸಿದ ಪರ್ಯಾಯ ಆಗಲೇ ನಡೆಯುತ್ತಿತ್ತು. 1935-36ರಿಂದ ವಿಶ್ವವಿದ್ಯಾಲಯಗಳ ನಡುವೆ ರೋಹಿಂಟನ್ ಬಾರಿಯಾ ಟ್ರೋಫಿ, ಮುಂಬಯಿಯ ಪಾರ್ಸಿ ತಂದೆಯೊಬ್ಬರು ಮಗನ ನೆನಪಿಗೆ ಕೊಟ್ಟದ್ದು. ಅಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ ಹುಡುಗರು ಒಂದೇ ಟೋಪಿ ಹಾಕಿಕೊಂಡರು. ಇದು ಸಣ್ಣ ಸಂಗತಿಯಲ್ಲ. ಆದರೆ ಕಾಲೇಜು ಎಂಬ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ರೋಲರ್ ಎಳೆಯುತ್ತಿದ್ದ ಬಾಳೂಗೆ ಯಾವ ಕಾಲೇಜು ತಂಡ? ನಮ್ಮವರನ್ನೇ ನೋಡಿ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳುವ ಮಾತು, ಹೆಮ್ಮೆಪಡಬೇಕಾದದ್ದೇ. ಆದರೆ ಆಟಕ್ಕೆ ಹಗಲು ಬೇಕು. ಆ ಹುಡುಗರ ಹಗಲು ಮಾರಾಟವಾಗಿತ್ತು.

ಅನುವಾದ ಮುಗಿಸಿದೆ. ಶೀರ್ಷಿಕೆಗೆ ‘ಕ್ರೀಡಾ ಮನೋಭಾವ’ ಎಂದೇ ಹಾಕಿದೆ, ಒಳಗೆ ಎರಡು ಕಡೆ ಮೆಲ್ಲಗೆ ‘ಕಳ್ಳಾಟ’ ಸೇರಿಸಿದೆ. ಕೊನೆಯ ಪುಟದ ಅಂಚಿನಲ್ಲಿ ಒಂದು ಟಿಪ್ಪಣಿ ಬರೆದೆ: ತಂಡವನ್ನೂ ನಾಯಕನನ್ನೂ ಹೇಗೆ ಆರಿಸುತ್ತೀರಿ, ಆಯ್ಕೆ ತಪ್ಪೆನಿಸಿದ ಹುಡುಗ ಅಥವಾ ಹುಡುಗಿ ಯಾರ ಬಳಿ ಹೇಳಿಕೊಳ್ಳಬೇಕು ಎಂಬ ನಿಯಮ ಕಾಣಲಿಲ್ಲ, ಪುಟ ಬಿಟ್ಟುಹೋಗಿದೆಯೇ?

ಎರಡು ದಿನಕ್ಕೆ ಉತ್ತರ ಬಂತು. ಪುಟ ಬಿಟ್ಟುಹೋಗಿಲ್ಲ, ಮೂಲದಲ್ಲಿರುವಷ್ಟೇ ಸಾಕು, ಬಿಲ್ ಕಳಿಸಿ.