ಅರ್ಧಚ್ಛೇದದ ರೇಖೆ

ಶಿಕಾರಿಪುರ, ಸೊರಬಗಳ ಸೀಮೆಯೆಂದರೆ ನಮಗೆ ನೆನಪಾಗುವುದು ತಾಳಗುಂದದ ಸ್ತಂಭಶಾಸನ, ಬಳ್ಳಿಗಾವೆಯ ದೇಗುಲಗಳು, ಚಂದ್ರಗುತ್ತಿಯ ಬೆಟ್ಟ. ಗಣಿತ ನೆನಪಾಗುವುದಿಲ್ಲ. ಆದರೆ ಈ ಎರಡು ತಾಲ್ಲೂಕುಗಳನ್ನು ಒಳಗೊಂಡಿದ್ದ ಬನವಾಸಿ ನಾಡಿಗೂ, ವಿದ್ಯಾರ್ಥಿಗಳು ಹೆಸರು ಕೇಳಿದೊಡನೆ ಅಂಜುವ ಲಾಗರಿದಮ್ಮಿಗೂ ಒಂದು ಹಳೆಯ ನಂಟುಂಟು.

ದಿಗಂಬರ ಜೈನ ಪರಂಪರೆಯ ಪ್ರಕಾರ, ಧರಸೇನಾಚಾರ್ಯರಲ್ಲಿ ಆಗಮವನ್ನು ಕಲಿತ ಪುಷ್ಪದಂತರು ವನವಾಸ ದೇಶಕ್ಕೆ ಬಂದು ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿದರು. ಉಳಿದುದನ್ನು ಭೂತಬಲಿಗಳು ಪೂರೈಸಿದರು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನರು ಅದಕ್ಕೆ ‘ಧವಲಾ’ ಎಂಬ ಟೀಕೆಯನ್ನು ಬರೆದರು. ಅದರ ಓಲೆಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದುಬಂದವು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಗ್ರಂಥ ಅಚ್ಚಾಗತೊಡಗಿದ್ದು ೧೯೩೯ರಲ್ಲಿ.

ಲೋಕದ ಜೀವರಾಶಿಗಳನ್ನು ಎಣಿಸಹೊರಟವರಿಗೆ ಮಹಾಸಂಖ್ಯೆಗಳನ್ನು ಹಿಡಿತಕ್ಕೆ ತರುವ ಉಪಾಯ ಬೇಕಿತ್ತು. ಅದೇ ಅರ್ಧಚ್ಛೇದ: ಸಂಖ್ಯೆಯೊಂದನ್ನು ಅರ್ಧಿಸುತ್ತ ಒಂದಕ್ಕೆ ತರಲು ಎಷ್ಟು ಸಲ ಕಡಿಯಬೇಕೋ ಅಷ್ಟು. ಎಂಟಕ್ಕೆ ೩, ಮೂವತ್ತೆರಡಕ್ಕೆ ೫. ಅವುಗಳ ಗುಣಲಬ್ಧವಾದ ೨೫೬ಕ್ಕೆ ೮. ಗುಣಾಕಾರದ ಹೊರೆ ಬರಿಯ ಕೂಡುವಿಕೆಗೆ ಇಳಿಯಿತು. ಮೂರರಿಂದ, ನಾಲ್ಕರಿಂದ ಭಾಗಿಸುವ ಛೇದಗಳೂ ಧವಲೆಯಲ್ಲಿವೆ.

ಇದನ್ನೀಗ ಚೌಕಳಿ ಕಾಗದದ ಮೇಲಿಡೋಣ. ಅಡ್ಡಗೆರೆಯ ಮೇಲೆ ಸಂಖ್ಯೆ, ಎತ್ತರಕ್ಕೆ ಅದರ ಅರ್ಧಚ್ಛೇದ. ಒಂದಕ್ಕೆ ಸೊನ್ನೆ, ಎರಡಕ್ಕೆ ೧, ನಾಲ್ಕಕ್ಕೆ ೨, ಎಂಟಕ್ಕೆ ೩, ಹದಿನಾರಕ್ಕೆ ೪. ಪ್ರತಿ ಮೆಟ್ಟಿಲಿನ ಏರು ಒಂದೇ; ಮುಂದಿನ ಮೆಟ್ಟಿಲಿಗೆ ನಡೆಯಬೇಕಾದ ದೂರ ಮಾತ್ರ ಇಮ್ಮಡಿ. ಹೀಗೆ ಏರಿಕೆ ತಗ್ಗುತ್ತ ಹೋದರೂ ಎಲ್ಲಿಯೂ ನಿಲ್ಲದಿರುವುದೇ ಲಾಗರಿದಂ ರೇಖೆಯ ಗುರುತು. ಒಂದರ ಈಚೆಗೆ ಅರೆ, ಕಾಲು, ಅರೆಕಾಲು ಎಂದು ಬಂದರೆ ರೇಖೆ ಸೊನ್ನೆಯ ಕೆಳಗೆ ಧುಮುಕುತ್ತದೆ (ಸೀಮೆಯವರು ಜೋಗವನ್ನು ನೆನೆದಾರು!), ನೆಟ್ಟಗೆರೆಯ ಮಗ್ಗುಲಿಗೇ ಇಳಿದರೂ ಅದನ್ನು ಮುಟ್ಟುವುದಿಲ್ಲ. ನಾಲ್ಕರ ಛೇದವನ್ನು ಹಿಡಿದರೆ ಎಲ್ಲ ಎತ್ತರಗಳೂ ಅರ್ಧವಾಗುತ್ತವೆ. ಆದರೆ ರೇಖೆ ಅಡ್ಡಗೆರೆಯನ್ನು ದಾಟುವುದು ಅದೇ ಒಂದರಲ್ಲಿ.

ವೀರಸೇನರು ಈ ರೇಖೆಯನ್ನು ಎಳೆದರೆಂದು ನಾನು ಹೇಳಲಾರೆ. ನೇಪಿಯರನಿಗಿಂತ ನಾವೇ ಮೊದಲು ಎಂದು ಬೀಗುವವರ ಉತ್ಸಾಹವೂ ನನಗಿಲ್ಲ. ಅರ್ಧಚ್ಛೇದ ಕೊಡುವುದು ಬಿಡಿ ಚುಕ್ಕೆಗಳನ್ನು. ಎರಡಕ್ಕೂ ನಾಲ್ಕಕ್ಕೂ ನಡುವೆ ಕುಳಿತ ಮೂರನ್ನು ಅರ್ಧಿಸಿ ನೋಡಿ: ಒಂದೂವರೆ, ಮತ್ತೆ ಅರ್ಧಿಸಿದರೆ ಮುಕ್ಕಾಲು. ಒಂದು ಸಿಕ್ಕುವುದೇ ಇಲ್ಲ. ಇಂಥ ತೆರಪುಗಳನ್ನು ತುಂಬುವ ಕೋಷ್ಟಕವನ್ನು ಸ್ಕಾಟ್ಲೆಂಡಿನ ನೇಪಿಯರ್ ೧೬೧೪ರಲ್ಲಿ ಪ್ರಕಟಿಸಿದ. ಅವನೂ ರೇಖೆಯನ್ನು ಎಳೆದವನಲ್ಲ. ಸಮೀಕರಣವನ್ನು ವಕ್ರರೇಖೆಯಾಗಿ ಕಾಣುವ ದೆಕಾರ್ತನ ಗ್ರಂಥ ಬಂದದ್ದು ೧೬೩೭ರಲ್ಲಿ. ಆ ಮೂರರ ಚುಕ್ಕೆಯನ್ನು ನಾವಿಂದು ಸುಮಾರು ೧.೫೮೫ರ ಎತ್ತರದಲ್ಲಿ ಇಟ್ಟು, ಎರಡರಿಂದ ನಾಲ್ಕಕ್ಕೆ ಬಾಗಿದ ಗೆರೆಯನ್ನು ಅದರ ಮೇಲೆ ಹಾಯಿಸುತ್ತೇವೆ.